ಭೂಕಾಂತದ ಬೇಸಿಗೆ ಶಾಲೆ: ಯುವ ವಿಜ್ಞಾನಿಗಳು ಕಲಿಯುವುದೇನು, ದರೋಜಿ ಸೀಮೆಯಲ್ಲಿ ಓದಲು ಇರುವುದೇನು?

ದರೋಜಿ: ಬಳ್ಳಾರಿ-ಹೊಸಪೇಟೆ ರೈಲುಮಾರ್ಗದಲ್ಲಿರುವ ಈ ಊರು ನಾಡಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಎರಡು ಕಾರಣಗಳಿಂದ. ಒಂದು, 1994ರಲ್ಲಿ ಸ್ಥಾಪನೆಯಾದ ಕರಡಿಧಾಮ. ಇನ್ನೊಂದು, ಅಕ್ಷರ ಕಲಿಯದೆಯೇ ಸಾವಿರಾರು ಪುಟಗಳಾಗುವಷ್ಟು ಕಥನಗಳನ್ನು ನೆನಪಿನಿಂದ ಹಾಡುತ್ತಿದ್ದ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ. ಈರಮ್ಮ 2014ರಲ್ಲಿ ನಿಧನರಾದರು. ಕರಡಿಗಳು ಅಡಗುವ ಇಲ್ಲಿನ ಕಲ್ಲುಬಂಡೆಗಳಿಗೂ ಒಂದು ಬಗೆಯ ನೆನಪಿನ ಶಕ್ತಿ ಇದೆ ಎಂಬ ಸಂಗತಿ ಮಾತ್ರ ಭೂವಿಜ್ಞಾನಿಗಳ ವಲಯದಿಂದ ಹೊರಗೆ ಅಷ್ಟಾಗಿ ಬಂದಿಲ್ಲ. ಕರಗಿದ ಶಿಲಾರಸ ತಣಿದು ಗಟ್ಟಿಯಾದ ಕಾಲದಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗೆ ಇತ್ತೋ, ಆ ದಿಕ್ಕನ್ನು ಕಲ್ಲಿನೊಳಗಿನ ಕಬ್ಬಿಣದ ಖನಿಜದ ಕಣಗಳು ಹಿಡಿದಿಟ್ಟುಕೊಂಡಿರುತ್ತವೆ.

ಈ ನೆನಪನ್ನು ಓದುವುದು ಹೇಗೆ, ಇಂದಿನ ಕಾಂತಕ್ಷೇತ್ರವನ್ನು ಅಳೆಯುವುದು ಹೇಗೆ ಎಂಬುದನ್ನು ವೃತ್ತಿಯ ಮೊದಲ ಮೆಟ್ಟಿಲಿನಲ್ಲಿರುವ ವಿಜ್ಞಾನಿಗಳಿಗೆ ಹೇಳಿಕೊಡಲು ಪ್ರಪಂಚದ ನಾನಾ ಕಡೆ ಬೇಸಿಗೆ ಶಾಲೆಗಳು ನಡೆಯುತ್ತವೆ. ಕರ್ನಾಟಕದ ಓದುಗರಿಗೆ ಈ ಶಾಲೆಗಳ ಪರಿಚಯ ಮಾಡಿಕೊಡುವುದು, ಅಲ್ಲಿ ಕಲಿತ ವಿದ್ಯೆಗೆ ದರೋಜಿ, ಸಂಡೂರು, ಹೊಸಪೇಟೆ, ಕಂಪ್ಲಿ ಸುತ್ತಲಿನ ನೆಲದಲ್ಲಿ ಎಂತಹ ಕೆಲಸ ಕಾದಿದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಯಾರ ಶಾಲೆ, ಯಾರಿಗೆ?

ಈ ಕ್ಷೇತ್ರದ ಪ್ರಮುಖ ಸಂಸ್ಥೆ ಅಂತಾರಾಷ್ಟ್ರೀಯ ಭೂಕಾಂತತ್ವ ಮತ್ತು ಏರಾನಮಿ ಸಂಘ. ಐಎಜಿಎ ಎಂಬ ಸಂಕ್ಷಿಪ್ತ ಹೆಸರಿನಿಂದ ಇದು ಪ್ರಸಿದ್ಧ. ಏರಾನಮಿ ಎಂದರೆ ವಾತಾವರಣದ ಅತಿ ಎತ್ತರದ ಪದರಗಳ ಅಧ್ಯಯನ. ಭೂಮಿಯ ಅಧ್ಯಯನಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯುಜಿಜಿಯ ಅಂಗಸಂಸ್ಥೆ ಇದು. ಎರಡು ವರ್ಷಕ್ಕೊಮ್ಮೆ ಸೇರುವ ಈ ಸಂಘದ ಮಹಾಸಭೆಗಳಿಗೆ ಹೊಂದಿಕೊಂಡಂತೆ ಯುವ ವಿಜ್ಞಾನಿಗಳಿಗಾಗಿ ಶಾಲೆಯನ್ನು ನಡೆಸುವ ಪರಿಪಾಠ ಬೆಳೆದುಬಂದಿದೆ. 2017ರಲ್ಲಿ ಮಹಾಸಭೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನಡೆದಾಗ, ಶಾಲೆಯು ಸಮೀಪದ ಹರ್ಮೇನಸ್ ಎಂಬ ಕಡಲತೀರದ ಊರಿನಲ್ಲಿರುವ ಕಾಂತ ವೀಕ್ಷಣಾಲಯದಲ್ಲಿ ನಡೆಯಿತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿರುವ ಶಿಲಾಕಾಂತತ್ವ ಸಂಸ್ಥೆಯು ಕಲ್ಲುಗಳ ಕಾಂತಗುಣವನ್ನೇ ವಿಷಯವಾಗಿಟ್ಟುಕೊಂಡು ಪ್ರತ್ಯೇಕ ಬೇಸಿಗೆ ಶಾಲೆಯನ್ನು ನಡೆಸುತ್ತ ಬಂದಿದೆ.

ಇಂತಹ ಶಾಲೆಗಳಿಗೆ ಬರುವವರು ಪಿಎಚ್.ಡಿ. ಮಾಡುತ್ತಿರುವವರು ಅಥವಾ ಪದವಿ ಮುಗಿಸಿ ಒಂದೆರಡು ವರ್ಷವಾದವರು. ಗಣಿತ ಬಲ್ಲವರಿಗೆ ಕಲ್ಲಿನ ಪರಿಚಯ ಇರುವುದಿಲ್ಲ. ಕಲ್ಲು ಬಲ್ಲವರಿಗೆ ಉಪಗ್ರಹದ ದತ್ತಾಂಶ ಗೊತ್ತಿರುವುದಿಲ್ಲ. ಭೂಕಾಂತತ್ವವಾದರೋ ಭೂಮಿಯ ಗರ್ಭದಿಂದ ಸೂರ್ಯನವರೆಗೆ ಹರಡಿರುವ ವಿಷಯ. ಒಂದೇ ವಿಶ್ವವಿದ್ಯಾಲಯದಲ್ಲಿ ಇವೆಲ್ಲವನ್ನೂ ಬಲ್ಲ ಅಧ್ಯಾಪಕರು ಸಿಗುವುದು ಅಪರೂಪವಾದ್ದರಿಂದಲೇ ಈ ಶಾಲೆಗಳು ಹುಟ್ಟಿಕೊಂಡವು ಎನ್ನಬಹುದು.

ನಮ್ಮ ನೆರೆಯಲ್ಲಿಯೂ ಇಂತಹ ಅವಕಾಶಗಳು ಒದಗಿದ್ದುಂಟು. ಕಾಂತ ವೀಕ್ಷಣಾಲಯಗಳ ಉಪಕರಣ ಮತ್ತು ದತ್ತಾಂಶಗಳನ್ನು ಕುರಿತ ಐಎಜಿಎ ಕಾರ್ಯಾಗಾರವು 2014ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ಜರುಗಿತು. ಆ ಸಂಸ್ಥೆಯ ಚೌಟುಪ್ಪಲ್ ಆವರಣದಲ್ಲಿ ಅಳತೆಯ ತರಬೇತಿಯೂ ನಡೆಯಿತು. 2021ರ ಆಗಸ್ಟ್‌ನಲ್ಲಿ ಐಎಜಿಎ ಮಹಾಸಭೆಯೇ ಹೈದರಾಬಾದಿಗೆ ಬರಬೇಕಿತ್ತು. ಕೋವಿಡ್ ಕಾರಣದಿಂದ ಅದು ಅಂತರ್ಜಾಲದ ಮೂಲಕವೇ ನಡೆದುಹೋಯಿತು. ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿಯುವಷ್ಟು ದೂರದಲ್ಲಿದ್ದ ಬಳ್ಳಾರಿ, ಧಾರವಾಡ, ಕಲಬುರ್ಗಿಗಳ ವಿದ್ಯಾರ್ಥಿಗಳಿಗೆ ಜಗತ್ತಿನ ತಜ್ಞರನ್ನು ಎದುರಾಎದುರು ಕಾಣುವ ಅವಕಾಶ ಹೀಗೆ ಕೈತಪ್ಪಿದ್ದು ದುರದೃಷ್ಟಕರ.

ಮೊದಲ ಪಾಠ: ಭೂಗರ್ಭದ ಡೈನಮೊ

ಭೂಮಿಯ ಮೇಲ್ಮೈಯಿಂದ ಸುಮಾರು 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣದ ಹೊರಗರ್ಭ ಆರಂಭವಾಗುತ್ತದೆ. ಒಳಗಿನ ಶಾಖ ಹೊರಹೋಗುವಾಗ ಈ ಲೋಹದ್ರವ ಕುದಿಯುವ ಸಾರಿನಂತೆ ಮೇಲೆ ಕೆಳಗೆ ಹೊರಳುತ್ತದೆ. ಭೂಮಿಯ ಆವರ್ತನೆ ಆ ಚಲನೆಯನ್ನು ತಿರುಚುತ್ತದೆ. ವಿದ್ಯುತ್ತನ್ನು ಒಯ್ಯಬಲ್ಲ ದ್ರವ ಹೀಗೆ ಚಲಿಸಿದಾಗ ಕಾಂತಕ್ಷೇತ್ರ ಹುಟ್ಟಿ, ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ. ಇದಕ್ಕೆ ಭೂಡೈನಮೊ ಎಂದು ಹೆಸರು. ಇದನ್ನು ಗಣಕಯಂತ್ರದಲ್ಲಿ ಮರುಸೃಷ್ಟಿಸಿ ಪರೀಕ್ಷಿಸುವ ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನ ಕೇಂದ್ರದಲ್ಲಿ ಪ್ರೊ. ಬಿನೋದ್ ಶ್ರೀನಿವಾಸನ್ ಅವರ ನೇತೃತ್ವದಲ್ಲಿ ನಡೆದಿದೆ ಎಂಬುದು ಕನ್ನಡಿಗರು ಗಮನಿಸಬೇಕಾದ ವಿಷಯ.

ಹೀಗೆ ಹುಟ್ಟಿದ ಕ್ಷೇತ್ರ ನೆಲದ ಮೇಲೆ ಬಹಳ ಕ್ಷೀಣ. ದರೋಜಿ ಸೀಮೆಯಲ್ಲಿ ಅದರ ಬಲ 40,000 ನ್ಯಾನೊಟೆಸ್ಲಾಗಿಂತ ತುಸು ಹೆಚ್ಚು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬಲ ಇದರ ನೂರು ಪಟ್ಟಿಗೂ ಮಿಗಿಲು. ಭಾರತದಲ್ಲಿ ಕಾಂತೀಯ ಸಮಭಾಜಕವು ತೀರ ದಕ್ಷಿಣದ ತುದಿಯಲ್ಲಿ ಹಾದುಹೋಗುವುದರಿಂದ, ಇಲ್ಲಿ ತೂಗುಬಿಟ್ಟ ಕಾಂತಸೂಜಿ ನೆಲದತ್ತ ಬಾಗುವುದು ಇಪ್ಪತ್ತು ಡಿಗ್ರಿಯೊಳಗೆ ಮಾತ್ರ. ಈ ಅಂಕಿಗಳು ಸ್ಥಿರವಲ್ಲ. ಗರ್ಭದ ದ್ರವ ಹೊರಳಿದಂತೆ ಅವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಉತ್ತರ ಕಾಂತಧ್ರುವವು ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ 50 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಕೆನಡಾ ಕಡೆಯಿಂದ ಸೈಬೀರಿಯಾದತ್ತ ಸರಿಯಿತು. ವಿಮಾನ, ಹಡಗು, ಮೊಬೈಲ್ ಫೋನುಗಳ ದಿಕ್ಸೂಚಿಗಳು ಅವಲಂಬಿಸುವ ವಿಶ್ವ ಕಾಂತ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಇದೇ ಕಾರಣಕ್ಕೆ. ಇತ್ತೀಚಿನ ಪರಿಷ್ಕರಣೆ 2024ರ ಡಿಸೆಂಬರ್‌ನಲ್ಲಿ ಹೊರಬಂದಿತು.

ಕೈಯಿಂದಲೇ ಆಗಬೇಕಾದ ಅಳತೆ

ಉಪಗ್ರಹಗಳ ಈ ಕಾಲದಲ್ಲಿಯೂ ಶಾಲೆಗೆ ಬಂದವರನ್ನು ಅಚ್ಚರಿಗೊಳಿಸುವ ಪಾಠವೆಂದರೆ ವೀಕ್ಷಣಾಲಯದ ಅಳತೆ. ಕಾಂತಕ್ಷೇತ್ರದ ಏರಿಳಿತವನ್ನು ಯಂತ್ರಗಳು ಹಗಲಿರುಳೂ ತಾವಾಗಿಯೇ ದಾಖಲಿಸುತ್ತವೆ ನಿಜ. ಆದರೆ ತಾಪಮಾನ ಬದಲಾದಂತೆ, ಯಂತ್ರ ನಿಂತ ಕಂಬ ಅಲ್ಪಸ್ವಲ್ಪ ವಾಲಿದಂತೆ ಅವುಗಳ ಲೆಕ್ಕ ಜಾರುತ್ತ ಹೋಗುತ್ತದೆ. ಆದ್ದರಿಂದ ವಾರಕ್ಕೆ ಒಂದೆರಡು ಬಾರಿಯಾದರೂ ಒಬ್ಬ ಮನುಷ್ಯ ಕೋಣೆಯೊಳಗೆ ಹೋಗಿ, ಕಬ್ಬಿಣದ ಅಂಶವೇ ಇಲ್ಲದ ಥಿಯೊಡೊಲೈಟಿನ ಎದುರು ನಿಂತು, ನಿಜವಾದ ದಿಕ್ಕನ್ನು ಅಳೆದು ಬರೆಯಬೇಕು. ದೂರದ ಗುರುತುಕಂಬಕ್ಕೆ ದುರ್ಬೀನನ್ನು ನೆಟ್ಟು, ಅದನ್ನು ತಿರುಗಿಸಿ, ಮಗುಚಿ, ನಾಲ್ಕು ಸ್ಥಿತಿಗಳಲ್ಲಿ ಓದಿ ಸರಾಸರಿ ತೆಗೆಯಬೇಕು. ಬಾಗುವಿಕೆಗೆ ಮತ್ತೆ ನಾಲ್ಕು. ಬೀಗದ ಕೈ, ಬೆಲ್ಟಿನ ಕೊಂಡಿ, ಕೈಗಡಿಯಾರ, ಮೊಬೈಲು, ಕೆಲವೊಮ್ಮೆ ಕನ್ನಡಕದ ಚೌಕಟ್ಟು ಕೂಡ ಹೊರಗೇ ಉಳಿಯಬೇಕು.

ಈ ಕೆಲಸ ಬೇಸರ ತರಿಸುವಂಥದು. ಪ್ರಬಂಧವಾಗಿ ಅಚ್ಚಾಗುವಂಥದೂ ಅಲ್ಲ. ಆದರೆ ಒಂದು ವರ್ಷ ಅಳತೆ ನಿಂತರೆ ಆ ವರ್ಷವನ್ನು ಮತ್ತೆ ಅಳೆಯಲು ಬರುವುದಿಲ್ಲ. ಇದರ ಬೆಲೆ ಏನೆಂಬುದಕ್ಕೆ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಚರಿತ್ರೆಯೇ ಸಾಕ್ಷಿ. 1841ರಲ್ಲಿ ಅಲ್ಲಿ ಕಾಂತ ವೀಕ್ಷಣೆ ಆರಂಭವಾಯಿತು. 1859ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಸೂರ್ಯನ ಸ್ಫೋಟದಿಂದ ಭಾರಿ ಕಾಂತ ಚಂಡಮಾರುತ ಅಪ್ಪಳಿಸಿ ಯುರೋಪ್, ಅಮೆರಿಕಗಳ ತಂತಿ ವ್ಯವಸ್ಥೆ ಅಸ್ತವ್ಯಸ್ತವಾದಾಗ, ಕೊಲಾಬಾದ ಸಿಬ್ಬಂದಿ ಸೂಜಿಯನ್ನು ಕಣ್ಣಿನಿಂದ ನೋಡಿ ಅಂಕಿಗಳನ್ನು ಬರೆದಿಟ್ಟರು. ಭೂಮಿಗೆ ಸಮಾನಾಂತರವಾದ ಕ್ಷೇತ್ರದ ಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿದುದು ಆ ಪುಸ್ತಕದಲ್ಲಿ ದಾಖಲಾಯಿತು. 2003ರಲ್ಲಿ ವಿಜ್ಞಾನಿಗಳು ಆ ಚಂಡಮಾರುತದ ತೀವ್ರತೆಯನ್ನು ಮತ್ತೆ ಲೆಕ್ಕ ಹಾಕಿದಾಗ ಅವರಿಗೆ ಆಧಾರವಾದುದು ಇದೇ ಅಂಕಿಗಳು.

ಕೊಲಾಬಾದ ಮೊದಲ ಭಾರತೀಯ ನಿರ್ದೇಶಕ ನಾನಾಭಾಯಿ ಮೂಸ್ ಅವರ ದೂರದೃಷ್ಟಿಯನ್ನೂ ಇಲ್ಲಿ ನೆನೆಯಬೇಕು. ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದೆ, ಅದರಿಂದ ಅಳತೆ ಕೆಡಲಿದೆ ಎಂದು ಅರಿತ ಅವರು, 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ತೆರೆದರು. ಎರಡು ವರ್ಷ ಕಾಲ ಎರಡೂ ಕಡೆ ಏಕಕಾಲಕ್ಕೆ ಅಳತೆ ನಡೆಸಿ ಹಳೆಯ ದಾಖಲೆಯನ್ನು ಹೊಸದಕ್ಕೆ ಬೆಸೆದರು. ಅಲಿಬಾಗಿನ ವೀಕ್ಷಣಾಲಯವನ್ನು ಇಂದು ನಡೆಸುತ್ತಿರುವುದು ನವಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆ. ಅದರ ವೀಕ್ಷಣಾಲಯಗಳು ನಾಗಪುರ, ವಿಶಾಖಪಟ್ಟಣ, ಪುದುಚೇರಿ, ತಿರುನೆಲ್ವೇಲಿ ಮುಂತಾದೆಡೆ ಇವೆ. ಈ ಪಟ್ಟಿಯಲ್ಲಿ ಕರ್ನಾಟಕದ ಊರು ಇಲ್ಲದಿರುವುದು ವಿಚಿತ್ರವೇ ಸರಿ. ಬಳ್ಳಾರಿಗೆ ಹತ್ತಿರದ ದೊಡ್ಡ ದಾಖಲೆಗಾಗಿ ಹೈದರಾಬಾದನ್ನೇ ನೆಚ್ಚಬೇಕಾಗಿದೆ. ಅಲ್ಲಿ 1964ರಿಂದ ಅಳತೆ ನಡೆದಿದೆ.

ಕಲ್ಲಿನ ಪಾಠ

ಅಳತೆಯ ದಾಖಲೆ ಎಷ್ಟೇ ಹಳೆಯದಾದರೂ ಕೆಲವು ನೂರು ವರ್ಷಗಳನ್ನು ಮೀರದು. ಅದರಾಚೆಗೆ ಕಲ್ಲುಗಳೇ ಗತಿ. ಬೇಸಿಗೆ ಶಾಲೆಯ ಈ ಪಾಠವನ್ನು ದರೋಜಿಯಲ್ಲಿ ನಿಂತು ಕೇಳಿದರೆ ಇನ್ನಷ್ಟು ಚೆನ್ನಾಗಿ ಅರ್ಥವಾದೀತು.

ಇಲ್ಲಿನ ನೆಲದಲ್ಲಿ ಮೂರು ಬಗೆಯ ಕಲ್ಲುಗಳು ಒತ್ತೊತ್ತಾಗಿ ಸಿಗುತ್ತವೆ. ದಕ್ಷಿಣ-ಪಶ್ಚಿಮಕ್ಕೆ ಕಾಣುವ ಸಂಡೂರಿನ ಬೆಟ್ಟಸಾಲು ಸುಮಾರು 270 ಕೋಟಿ ವರ್ಷ ಹಳೆಯದಾದ, ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಪಟ್ಟಿಗಳಿರುವ ಶಿಲಾವಲಯ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು 1895ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಕರವಾಗಿದೆ. ಎರಡನೆಯದು ಹಂಪಿ, ಕಮಲಾಪುರ, ದರೋಜಿಯ ಸುತ್ತ ಗುಡ್ಡೆ ಹಾಕಿದಂತೆ ಬಿದ್ದಿರುವ ಗ್ರಾನೈಟ್ ಬಂಡೆಗಳು. ವಯಸ್ಸು 250 ಕೋಟಿ ವರ್ಷಗಳ ಆಸುಪಾಸು. ಮೂರನೆಯದು ಈ ಗ್ರಾನೈಟನ್ನು ಸೀಳಿಕೊಂಡು ಮೇಲೆದ್ದ ಶಿಲಾರಸ ಬಿರುಕುಗಳಲ್ಲಿ ಗಟ್ಟಿಯಾಗಿ ನಿಂತ ಕರಿಕಲ್ಲಿನ ಗೋಡೆಗಳು. ಭೂವಿಜ್ಞಾನಿಗಳು ಇವನ್ನು ಡೈಕ್ ಎನ್ನುತ್ತಾರೆ.

ಕಾಂತವಿಜ್ಞಾನಿಗೆ ಹೆಚ್ಚು ಪ್ರಿಯವಾದುದು ಈ ಮೂರನೆಯ ಕಲ್ಲು. ಗ್ರಾನೈಟಿನಲ್ಲಿ ಕಾಂತಖನಿಜದ ಕಣಗಳು ದಪ್ಪವಾಗಿರುವುದರಿಂದ ಅವುಗಳ ನೆನಪು ಸುಲಭವಾಗಿ ಅಳಿಸಿಹೋಗುತ್ತದೆ. ಡೈಕಿನಲ್ಲಿ, ಅದರಲ್ಲಿಯೂ ಬೇಗ ತಣಿದ ಅಂಚಿನಲ್ಲಿ, ಕಣಗಳು ನುಣುಪು. ಅವು ಹಿಡಿದಿಟ್ಟ ದಿಕ್ಕು ನೂರಾರು ಕೋಟಿ ವರ್ಷ ಉಳಿಯಬಲ್ಲದು. ಮ್ಯಾಗ್ನೆಟೈಟ್ ಖನಿಜವು ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಅಂದಿನ ಕಾಂತಕ್ಷೇತ್ರದ ಮುದ್ರೆ ಅದರ ಮೇಲೆ ಬೀಳುತ್ತದೆ. ಪ್ರಯೋಗಾಲಯದಲ್ಲಿ ಭೂಮಿಯ ಕಾಂತಕ್ಷೇತ್ರವೂ ಒಳನುಗ್ಗದಂತಹ ಕುಲುಮೆಯಲ್ಲಿ ಕಲ್ಲಿನ ತುಣುಕನ್ನು ಹಂತಹಂತವಾಗಿ ಕಾಯಿಸಿ, ಈಚಿನ ಮುದ್ರೆಗಳನ್ನು ಒಂದೊಂದಾಗಿ ಒರೆಸಿ, ಮೂಲ ಮುದ್ರೆಯನ್ನು ಹುಡುಕುವುದೇ ಪುರಾಕಾಂತತ್ವದ ಕೆಲಸ.

ಕರ್ನಾಟಕದ ಡೈಕ್‌ಗಳು ಹೇಳಿರುವ ಕಥೆ ಸಣ್ಣದಲ್ಲ. ಬೆಂಗಳೂರು ಡೈಕ್ ಸಮೂಹ ಎಂದು ಹೆಸರಾದ ಕಲ್ಲುಗಳಿಗೆ 236.7 ಕೋಟಿ ವರ್ಷ ವಯಸ್ಸೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ನಿರ್ಧರಿಸಿತು. ಅವುಗಳಲ್ಲಿನ ಕಾಂತದಿಕ್ಕು ನೆಲಕ್ಕೆ ಬಹುತೇಕ ಲಂಬವಾಗಿ ಬಾಗಿದೆ. ಕಾಂತಸೂಜಿ ಹಾಗೆ ಬಾಗುವುದು ಧ್ರುವಗಳ ಸಮೀಪದಲ್ಲಿ. ಎಂದರೆ, ಇಂದು ಬಿಸಿಲಿಗೆ ಹೆಸರಾದ ನಮ್ಮ ನೆಲ ಅಂದು ಧ್ರುವಪ್ರದೇಶದ ಆಸುಪಾಸಿನಲ್ಲಿತ್ತು! ಸುಮಾರು 188ರಿಂದ 189 ಕೋಟಿ ವರ್ಷ ಹಿಂದಿನ ಇನ್ನೊಂದು ಡೈಕ್ ಸಮೂಹಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರಿನಲ್ಲಿಯೇ ಹಂಪಿ ಇದೆ. ಛತ್ತೀಸಗಢದ ಬಸ್ತಾನಾರಿನ ಸಮಕಾಲೀನ ಡೈಕ್‌ಗಳೊಂದಿಗೆ ಸೇರಿಸಿ ಅದನ್ನು ಬಸ್ತಾನಾರ್-ಹಂಪಿ ಸಮೂಹ ಎನ್ನಲಾಗುತ್ತದೆ. ವಿರೂಪಾಕ್ಷ ದೇವಾಲಯಕ್ಕೆ ಬರುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ದಿಕ್ಸೂಚಿಗೆ ಬದಲು ಸೂರ್ಯ

ಕ್ಷೇತ್ರಕಾರ್ಯದ ಪಾಠದಲ್ಲಿ ಶಿಬಿರಾರ್ಥಿಗಳು ಎರಡೂವರೆ ಸೆಂಟಿಮೀಟರ್ ವ್ಯಾಸದ ಕಂಬಿಯಂತಹ ತುಣುಕನ್ನು ಕೊರೆಯುವುದನ್ನು ಕಲಿಯುತ್ತಾರೆ. ಕೊರೆಯುವುದು ಸುಲಭ, ತುಣುಕನ್ನು ಬಂಡೆಯಿಂದ ಬೇರ್ಪಡಿಸುವ ಮೊದಲು ಅದು ಯಾವ ದಿಕ್ಕಿಗೆ, ಎಷ್ಟು ಓರೆಯಾಗಿತ್ತು ಎಂದು ಗುರುತಿಸುವುದು ಕಷ್ಟ. ಸಾಮಾನ್ಯ ದಿಕ್ಸೂಚಿಯನ್ನು ನಂಬುವಂತಿಲ್ಲ, ಏಕೆಂದರೆ ಪಕ್ಕದ ಕಲ್ಲೇ ಸೂಜಿಯನ್ನು ಎಳೆಯಬಹುದು. ಆಗ ನೆರವಿಗೆ ಬರುವುದು ಸೂರ್ಯ ದಿಕ್ಸೂಚಿ: ಒಂದು ಕಡ್ಡಿಯ ನೆರಳು ಬಿದ್ದ ಕೋನ, ಗಡಿಯಾರದ ವೇಳೆ ಮತ್ತು ಆ ಸ್ಥಳದ ಅಕ್ಷಾಂಶ-ರೇಖಾಂಶಗಳಿಂದ ನಿಜವಾದ ಉತ್ತರವನ್ನು ಲೆಕ್ಕ ಹಾಕುವ ಸರಳ ಸಾಧನ. ಬಳ್ಳಾರಿ ಸೀಮೆಯ ಬಿಸಿಲಿಗೆ ಇದೊಂದು ಸದುಪಯೋಗವಾದೀತು.

ಸಂಡೂರಿನ ಬೆಟ್ಟಗಳಲ್ಲಿ ಈ ಎಚ್ಚರಿಕೆ ಬೇಕೇಬೇಕು. ಇಲ್ಲಿನ ಅದಿರು ಬಹುಪಾಲು ಹೆಮಟೈಟ್. ಅದರ ಕಾಂತಗುಣ ದುರ್ಬಲ. ಆದರೆ ಪಟ್ಟೆಪಟ್ಟೆಯಾದ ಕಬ್ಬಿಣಶಿಲೆಯಲ್ಲಿ ಅಲ್ಲಲ್ಲಿ ಮ್ಯಾಗ್ನೆಟೈಟೂ ಸೇರಿರುತ್ತದೆ. 2005ರ ಕೊನೆಯವರೆಗೆ ಗಣಿಗಾರಿಕೆ ನಡೆದ ಕುದುರೆಮುಖದ ಅದಿರು ಮ್ಯಾಗ್ನೆಟೈಟ್ ಪ್ರಧಾನವಾದುದು ಎಂಬುದನ್ನು ಹೋಲಿಕೆಗೆ ನೆನಪಿಡಬಹುದು. ಗುಡ್ಡದ ನೆತ್ತಿಯ ಬಂಡೆಗಳನ್ನೂ ನಂಬಲಾಗದು. ಸಿಡಿಲು ಬಡಿದ ಕಲ್ಲಿನಲ್ಲಿ ಹಳೆಯ ಮುದ್ರೆ ಅಳಿದು, ಸಿಡಿಲಿನ ವಿದ್ಯುತ್ತೇ ಹೊಸ ಮುದ್ರೆ ಒತ್ತಿರುತ್ತದೆ.

ಹಾಗಾದರೆ ನಂಬಬಹುದಾದ ಕಲ್ಲು ಎಲ್ಲಿ ಸಿಗುತ್ತದೆ? ವಿಪರ್ಯಾಸವೆಂದರೆ, ಕ್ವಾರಿಗಳಲ್ಲಿ. ಆಗತಾನೆ ಸೀಳಿದ, ಗಾಳಿಮಳೆಗೆ ಸಿಕ್ಕದ ಮುಖ ಅಲ್ಲಿ ದೊರೆಯುತ್ತದೆ. ಆದರೆ ಕ್ವಾರಿಯೇ ಆ ಕಲ್ಲಿನ ಅಂತ್ಯವೂ ಹೌದು. ಕರಿಕಲ್ಲಿಗೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆ ಇರುವುದರಿಂದ ಚಾಮರಾಜನಗರದಂತಹ ಕಡೆ ಡೈಕ್‌ಗಳನ್ನೇ ಹುಡುಕಿ ತೆಗೆಯಲಾಗಿದೆ. ದಿಕ್ಕು ಗುರುತಿಸದೆ ಕಿತ್ತ ಕಲ್ಲು, ಎಷ್ಟೇ ಹಳೆಯದಾಗಿದ್ದರೂ, ಅಂದಿನ ಕಾಂತಧ್ರುವ ಎಲ್ಲಿತ್ತೆಂದು ಹೇಳಲಾರದು. ಸಂಡೂರು ಸೀಮೆಯ ಗಣಿಗಾರಿಕೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರುವ ಮಟ್ಟಕ್ಕೆ ಹೋದುದು, ಮುಂದೆ ಷರತ್ತುಗಳೊಂದಿಗೆ ಪುನರಾರಂಭವಾದುದು ಎಲ್ಲರಿಗೂ ತಿಳಿದಿದೆ. ಅರಣ್ಯ, ನೀರು, ರಸ್ತೆ, ಆದಾಯ ಎಲ್ಲವೂ ಆಗ ಚರ್ಚೆಗೆ ಬಂದವು. ಕ್ವಾರಿಗೆ ಪರವಾನಗಿ ಕೊಡುವ ಮುನ್ನ ಒಬ್ಬ ಸಂಶೋಧಕ ಎರಡು ದಿನ ಬಂದು ದಿಕ್ಕು ಗುರುತಿಸಿದ ಹತ್ತು ತುಣುಕು ಒಯ್ಯಲಿ ಎಂಬ ಷರತ್ತು ದುಬಾರಿಯೇನಲ್ಲ. ಕರಡಿಧಾಮದೊಳಗೆ, ಹಂಪಿಯ ಸ್ಮಾರಕಗಳ ವಲಯದಲ್ಲಿ ಅನುಮತಿಯಿಲ್ಲದೆ ಕಲ್ಲನ್ನು ಮುಟ್ಟುವಂತಿಲ್ಲ. ಆ ನಿರ್ಬಂಧದಿಂದಾಗಿ ಅಲ್ಲಿನ ಡೈಕ್‌ಗಳು ಉಳಿದಿವೆ ಎಂಬುದೂ ನಿಜ.

ಕೆರೆಯ ಕೆಸರು

ಭೂಕಾಂತದ ಶಾಲೆಯಲ್ಲಿ ಕೆಸರಿಗೂ ಸ್ಥಾನವಿದೆ. ಮಳೆ ಹೆಚ್ಚಿದ ಕಾಲದಲ್ಲಿ ಮಣ್ಣಿನಲ್ಲಿ ಸೂಕ್ಷ್ಮ ಕಾಂತಕಣಗಳು ಹೆಚ್ಚು ಹುಟ್ಟುತ್ತವೆ. ಹೊಳೆಹಳ್ಳಗಳು ಅವನ್ನು ತಂದು ಕೆರೆಯಂಗಳದಲ್ಲಿ ಪದರಪದರವಾಗಿ ಹರಡುತ್ತವೆ. ಪದರಗಳ ಕಾಂತಗುಣವನ್ನು ಅಳೆದರೆ ಹಿಂದಿನ ಮಳೆಯ ಏರಿಳಿತ ತಿಳಿಯುತ್ತದೆ. ಈ ವಿಧಾನವನ್ನು ಕರ್ನಾಟಕದಲ್ಲಿ ಬೆಳೆಸಿದವರು ಮಂಗಳೂರು ವಿಶ್ವವಿದ್ಯಾಲಯದ ಪ್ರೊ. ಆರ್. ಶಂಕರ್ ಮತ್ತು ಅವರ ಶಿಷ್ಯವರ್ಗ. ಚಿತ್ರದುರ್ಗದ ಬಳಿಯ ತಿಮ್ಮಣ್ಣನಾಯಕನ ಕೆರೆಯ ಕೆಸರಿನಿಂದ ಕಳೆದ 3,700 ವರ್ಷಗಳ ಮುಂಗಾರಿನ ಚರಿತ್ರೆಯನ್ನು ಅವರು 2006ರಲ್ಲಿ ಪ್ರಕಟಿಸಿದರು.

ಚಿತ್ರದುರ್ಗದಲ್ಲಿ ಆದುದು ದರೋಜಿಯಲ್ಲಿ ಏಕಾಗಬಾರದು? ಈ ಸೀಮೆಯ ದೊಡ್ಡ ಕೆರೆಗಳಲ್ಲೊಂದಾದ ದರೋಜಿ ಕೆರೆಗೆ ನೀರು ತರುವುದು ಸಂಡೂರಿನ ಬೆಟ್ಟಗಳನ್ನು ಸೀಳಿಕೊಂಡು ಬರುವ ನಾರಿಹಳ್ಳ. ಕಬ್ಬಿಣದ ಬೆಟ್ಟ ತೊಳೆದ ನೀರು ಸೇರುವ ಕೆರೆಯಂಗಳ ಎಂದರೆ ಕಾಂತಗುಣ ಅಳೆಯುವವರಿಗೆ ತುಂಬಿದ ಕಣಜ. ಮಳೆಯ ಗುರುತನ್ನೂ ಅದಿರಿನ ಧೂಳಿನ ಗುರುತನ್ನೂ ಬೇರ್ಪಡಿಸುವುದು ಇಲ್ಲಿ ಚಿತ್ರದುರ್ಗಕ್ಕಿಂತ ಕಠಿಣ. ಹಳ್ಳಕ್ಕೆ ಮೇಲ್ಗಡೆ ಜಲಾಶಯ ಕಟ್ಟಿದ ಮೇಲೆ ಹೂಳು ಅಲ್ಲಿಯೇ ನಿಲ್ಲತೊಡಗಿದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶಾಲೆಯಲ್ಲಿ ಕಲಿತ ಕೈಗೆ ಇದು ತಕ್ಕ ಪರೀಕ್ಷೆ. ಆದರೆ ಹೂಳೆತ್ತುವ ಯಂತ್ರ ಒಮ್ಮೆ ಕೆರೆಗೆ ಇಳಿದರೆ ಪದರಗಳೆಲ್ಲ ಕಲಸಿಹೋಗುತ್ತವೆ. ಹೂಳೆತ್ತುವುದು ರೈತರಿಗೆ ಅಗತ್ಯವೇ. ಅದಕ್ಕೆ ಮುನ್ನ ಒಂದು ಕೊಳವೆಯಷ್ಟು ಕೆಸರನ್ನು ಎತ್ತಿಡಲು ಅರ್ಧ ದಿನ ಸಾಕು.

ಸೂರ್ಯನ ಹೊಡೆತ

ಶಾಲೆಯ ಕೊನೆಯ ಪಾಠಗಳು ಸಾಮಾನ್ಯವಾಗಿ ಬಾಹ್ಯಾಕಾಶ ಹವಾಮಾನವನ್ನು ಕುರಿತವು. 1989ರ ಮಾರ್ಚ್ 13ರಂದು ಕಾಂತ ಚಂಡಮಾರುತದಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿತು. 2024ರ ಮೇ 10-11ರ ಚಂಡಮಾರುತದ ವೇಳೆ ಲಡಾಖಿನ ಹಾನ್ಲೆಯಲ್ಲಿಯೂ ಆಕಾಶ ಕೆಂಪೇರಿದುದನ್ನು ಕ್ಯಾಮೆರಾಗಳು ಸೆರೆಹಿಡಿದವು. 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿರುವ ಕಾಂತಮಾಪಕ ತಯಾರಾದುದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ನೌಕೆ ಕಳಿಸುವ ಅಂಕಿಗಳನ್ನು ನೆಲದ ವೀಕ್ಷಣಾಲಯಗಳ ಅಂಕಿಗಳೊಂದಿಗೆ ಹೊಂದಿಸಿ ನೋಡಬಲ್ಲವರು ಬೇಕಾಗಿದ್ದಾರೆ.

ಸೇರುವುದು ಹೇಗೆ?

ಭೌತಶಾಸ್ತ್ರ, ಭೂವಿಜ್ಞಾನ, ಗಣಿತ, ಬಾಹ್ಯಾಕಾಶ ವಿಜ್ಞಾನ ಇವುಗಳಲ್ಲಿ ಯಾವುದರಲ್ಲಿ ಸಂಶೋಧನೆ ನಡೆಸುತ್ತಿದ್ದರೂ ಈ ಶಾಲೆಗಳಿಗೆ ಅರ್ಜಿ ಹಾಕಬಹುದು. ತಾವು ಮಾಡುತ್ತಿರುವ ಕೆಲಸದ ಟಿಪ್ಪಣಿ ಮತ್ತು ಮಾರ್ಗದರ್ಶಕರ ಶಿಫಾರಸು ಪತ್ರ ಸಿದ್ಧವಿರಲಿ. ಆಯ್ಕೆಯಾದವರಿಗೆ ಪ್ರಯಾಣ ಅಥವಾ ವಸತಿಯ ಖರ್ಚಿನಲ್ಲಿ ನೆರವು ದೊರೆಯುವುದುಂಟು. ದೇಶದೊಳಗೆ ತರಬೇತಿ ಬಯಸುವವರು ನವಮುಂಬಯಿಯ ಭೂಕಾಂತತ್ವ ಸಂಸ್ಥೆ ಮತ್ತು ಹೈದರಾಬಾದಿನ ಭೂಭೌತ ಸಂಸ್ಥೆಯ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಐಎಜಿಎ ಸೇರಿದಂತೆ ಐಯುಜಿಜಿಯ ಎಲ್ಲ ಅಂಗಸಂಸ್ಥೆಗಳು ಒಟ್ಟುಗೂಡುವ ಮಹಾಸಭೆ 2027ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್ ನಗರಕ್ಕೆ ನಿಗದಿಯಾಗಿದೆ.